‘ತಮ್ಮನ ಗಂಡ’ ಕಪಾಟಿನ ಯಾವ ಖಾನೆಯಲ್ಲಿರಬೇಕು?

ಅಜ್ಜರಕಾಡಿನ ಓದುಗ:

ಉಡುಪಿಯಲ್ಲಿ ನಾವು ನಾಲ್ಕೈದು ಮಂದಿ ಸೇರಿ ವಾರಕ್ಕೆ ಮೂರು ಸಂಜೆ ತೆರೆಯುವ ಸಣ್ಣ ಗ್ರಂಥಾಲಯವೊಂದಿದೆ ಎಂಬುದು ಇಲ್ಲಿನ ಹಳಬರಿಗೆ ಗೊತ್ತು. ಅದರ ಚಿತ್ರಕಥೆಗಳ ಕಪಾಟಿನಲ್ಲಿ ಐದು ಖಾನೆಗಳಿವೆ. ಆಟಿ ತಿಂಗಳಲ್ಲಿ ಕೆಳಗಿನ ಖಾನೆಗೆ ಬೂಸ್ಟು ಹಿಡಿಯುವುದರಿಂದ ಅದನ್ನು ಖಾಲಿ ಬಿಡುತ್ತೇವೆ. ಎರಡು ಮತ್ತು ಮೂರನೆಯವು ಮಕ್ಕಳ ಕೈಗೆ ಎಟುಕುತ್ತವೆ, ಐದನೆಯದಕ್ಕೆ ಸ್ಟೂಲು ಬೇಕು. ಒಂದು ಪುಸ್ತಕ ಮೂರನೆಯದರಲ್ಲಿರಬೇಕೋ ಐದನೆಯದರಲ್ಲೋ ಎಂಬುದನ್ನು ನಿಮ್ಮೆಲ್ಲರಲ್ಲಿ ಕೇಳಲು ಬರೆಯುತ್ತಿದ್ದೇನೆ.

ಪುಸ್ತಕ ಜಪಾನಿನ ಗೆಂಗೊರೊ ತಗಾಮೆ ಅವರ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ‘ಮೈ ಬ್ರದರ್ಸ್ ಹಸ್ಬೆಂಡ್’. 2014ರಿಂದ 2017ರವರೆಗೆ ಅಲ್ಲಿಯ ಮಾಸಿಕವೊಂದರಲ್ಲಿ ಧಾರಾವಾಹಿಯಾಗಿ ಬಂದು, ಇಂಗ್ಲಿಷಿನಲ್ಲಿ ಎರಡು ಸಂಪುಟಗಳಾಗಿದೆ. ಹೆಂಡತಿಯಿಂದ ಬೇರೆಯಾದ ಯಾಇಚಿ ಎಂಬ ಗೃಹಸ್ಥ ಮಗಳು ಕಾನಾಳನ್ನು ಒಬ್ಬನೇ ಸಾಕುತ್ತಿದ್ದಾನೆ. ಅವನ ಅವಳಿ ತಮ್ಮ ಕೆನಡಾಕ್ಕೆ ಹೋಗಿ, ಅಲ್ಲಿ ಮೈಕ್ ಎಂಬ ಗಂಡಸನ್ನು ಮದುವೆಯಾಗಿ, ಈಗ ತೀರಿಕೊಂಡಿದ್ದಾನೆ. ಆ ಮೈಕ್ ತನ್ನ ಗಂಡ ಹುಟ್ಟಿ ಬೆಳೆದ ಮನೆಯನ್ನು ನೋಡಬೇಕೆಂದು ಬಂದು ಯಾಇಚಿಯ ಬಾಗಿಲಲ್ಲಿ ನಿಲ್ಲುವಲ್ಲಿಂದ ಕಥೆ ತೊಡಗುತ್ತದೆ. ಆಮೇಲೆ ನಡೆಯುವುದೆಲ್ಲ ಅಡುಗೆ, ಊಟ, ಶಾಲೆ, ನೆರೆಹೊರೆ. ನಿಮ್ಮಲ್ಲಿ ಗಂಡ ಯಾರು, ಹೆಂಡತಿ ಯಾರು ಎಂದು ಕಾನಾ ಕೇಳುತ್ತಾಳೆ. ಹೆಂಡತಿ ಎಂದು ಯಾರೂ ಇಲ್ಲ, ಇಬ್ಬರೂ ಗಂಡಂದಿರೇ ಎಂದು ಮೈಕ್ ಹೇಳುತ್ತಾನೆ. ಅವಳಿಗೆ ಅಷ್ಟು ಸಾಕಾಗುತ್ತದೆ.

ಹದಿಮೂರು ವರ್ಷದ ಹುಡುಗನೊಬ್ಬ ಮೊದಲ ಸಂಪುಟವನ್ನು ಮನೆಗೆ ಒಯ್ದಿದ್ದ. ಎರಡು ದಿನ ಬಿಟ್ಟು ಅವನ ತಾಯಿ ಅದನ್ನು ಪೇಪರಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು. ಜಗಳವೇನೂ ಆಡಲಿಲ್ಲ. ಪುಸ್ತಕವನ್ನು ತಾವು ಓದಿಲ್ಲ, ಆದರೆ ಲೇಖಕನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದಾಗ ಕಂಡ ಚಿತ್ರಗಳಿಂದ ಗಾಬರಿಯಾಯಿತು ಎಂದರು. ಅವರ ಗಾಬರಿ ನಿಜವಾದದ್ದು, ಏಕೆಂದರೆ ತಗಾಮೆ ಹೆಸರು ಮಾಡಿದ್ದೇ ವಯಸ್ಕರಿಗೆಂದು ಬರೆದ, ಮುಚ್ಚುಮರೆಯಿಲ್ಲದ ಚಿತ್ರಕಥೆಗಳಿಂದ. ಆದರೆ ಈ ಪುಸ್ತಕವನ್ನು ಅವರು ಎಲ್ಲ ವಯಸ್ಸಿನವರನ್ನೂ ಮನಸ್ಸಿನಲ್ಲಿಟ್ಟು ಬರೆದರು. ನಾವು ನಾಲ್ವರಲ್ಲಿ ಇಬ್ಬರು ಮೂರನೆಯ ಖಾನೆ ಎನ್ನುತ್ತೇವೆ, ಇಬ್ಬರು ಐದನೆಯದು ಎನ್ನುತ್ತೇವೆ. ನೀವು ಏನೆನ್ನುತ್ತೀರಿ?

ಕಾರ್ಕಳದ ನಿವೃತ್ತ ಮಾಸ್ಟ್ರು:

ನಾನು ಐದನೆಯ ಖಾನೆಯ ಪಕ್ಷ. ಸಾಧ್ಯವಿದ್ದರೆ ಆರನೆಯದೊಂದನ್ನು ಮಾಡಿಸಿರಿ.

ಚಿತ್ರಕಥೆ ಎಂಬುದು ಮಕ್ಕಳ ಸಾಹಿತ್ಯ ಎಂಬ ತಿಳಿವಳಿಕೆಯಲ್ಲಿ ಬೆಳೆದವನು ನಾನು. 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರು ಎಂಬುದಕ್ಕೆ ತಡವರಿಸಿದ್ದನ್ನು ಕಂಡು, 1967ರಲ್ಲಿ ಅಮರ ಚಿತ್ರ ಕಥೆಯನ್ನು ಕೈಗೆತ್ತಿಕೊಂಡರು. ಮಗುವಿಗೆ ಏನು ಸಿಗಬೇಕು ಎಂಬ ಚಿಂತೆಯಿಂದ ಹುಟ್ಟಿದ ಕೆಲಸ ಅದು. ಆ ಚಿಂತೆಯ ಇನ್ನೊಂದು ಮಗ್ಗುಲೇ, ಏನು ಸಿಗಬಾರದು ಎಂಬುದು. ಸಲಿಂಗಕಾಮದ ವಿಷಯದಲ್ಲಿ ದೊಡ್ಡವರು ಏನು ಬೇಕಾದರೂ ಓದಿಕೊಳ್ಳಲಿ, ನನಗೆ ದ್ವೇಷವಿಲ್ಲ. ಆದರೆ ಮಕ್ಕಳಿಗೆ ಸ್ಟೂಲಿಲ್ಲದೆ ಎಟುಕುವಲ್ಲಿ ಅದನ್ನು ಇಡಬೇಕಾದ ತುರ್ತು ಏನಿದೆ?

ಕಂಕನಾಡಿ ಹಳೇ ಕಾಮಿಕ್ಸ್:

ಮಾಸ್ಟ್ರೇ, ಪೈಗಳ ಬಗೆಗಿನ ನಿಮ್ಮ ಅಭಿಮಾನಕ್ಕೆ ಇನ್ನೊಂದು ಎಳೆಯನ್ನು ಸೇರಿಸುತ್ತೇನೆ. ಅಮರ ಚಿತ್ರ ಕಥೆಯ ಹಳೆಯ ಪಟ್ಟಿಯಲ್ಲಿ ‘ಕೃಷ್ಣ’ ಹನ್ನೊಂದನೆಯ ಸಂಚಿಕೆ. ಅದಕ್ಕೆ ಹಿಂದಿನ ಹತ್ತು, ಪಾಶ್ಚಾತ್ಯ ಕಿನ್ನರಕಥೆಗಳು, ಬಂದದ್ದು ಕನ್ನಡದಲ್ಲಿ. ಭಾರತದ ಮಕ್ಕಳಿಗೆ ಭಾರತದ ಕಥೆಗಳನ್ನು ಕೊಟ್ಟ ಮಾಲೆಯ ಮೊದಲ ಹತ್ತು ಹೆಜ್ಜೆಗಳು ಪರದೇಶದ ಕಥೆಗಳ ಮೇಲೆ, ಅದೂ ನಮ್ಮ ಭಾಷೆಯಲ್ಲಿ ಬಿದ್ದಿದ್ದವು. ನನ್ನ ಮನೆಯ ಅಟ್ಟದಲ್ಲಿ ಇಂದ್ರಜಾಲ ಕಾಮಿಕ್ಸಿನ ಎರಡು ಟ್ರಂಕುಗಳೂ ‘ಬಾಲಮಂಗಳ’ದ ಒಂದು ಗೋಣಿಯೂ ಇವೆ. ಬಾಲಮಂಗಳದ ನಾಯಕ ಡಿಂಗನ ಹೆಸರು ಹೇಳಿದರೆ ಇಂದಿಗೂ ಕರಾವಳಿಯ ಅರ್ಧ ಜನ ತಿರುಗಿ ನೋಡುತ್ತಾರೆ ಮಾರಾಯ್ರೆ. ಇರಲಿ, ವಿಷಯಕ್ಕೆ ಬರುತ್ತೇನೆ.

ಚಿತ್ರಕಥೆ ಮಕ್ಕಳದ್ದು, ಆದ್ದರಿಂದ ಅದರಲ್ಲಿ ಇಂಥದ್ದು ಬೇಡ ಎಂಬ ವಾದವನ್ನು ಅಮೆರಿಕ ಅತ್ಯಂತ ಕಟ್ಟುನಿಟ್ಟಾಗಿ ಪರೀಕ್ಷಿಸಿ ನೋಡಿತು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಚಿತ್ರಕಥೆಗಳಿಂದ ಮಕ್ಕಳು ಕೆಡುತ್ತಿದ್ದಾರೆ ಎಂದು ಪುಸ್ತಕ ಬರೆದು, ಬ್ಯಾಟ್‌ಮ್ಯಾನ್ ಮತ್ತು ರಾಬಿನ್ ಒಂದೇ ಮನೆಯಲ್ಲಿ ಇರುವುದನ್ನು ಇಬ್ಬರು ಸಲಿಂಗಿಗಳ ಕನಸಿನ ಸಂಸಾರ ಎಂದು ಬಣ್ಣಿಸಿದರು. ಅದೇ ವರ್ಷ ಸೆನೆಟ್‌ನ ಉಪಸಮಿತಿ ವಿಚಾರಣೆ ನಡೆಸಿತು. ಸರಕಾರ ಕಾನೂನು ಮಾಡುವ ಮೊದಲೇ ಪ್ರಕಾಶಕರು ಹೆದರಿ ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿಯನ್ನು ಬರೆದುಕೊಂಡರು. ‘ಲೈಂಗಿಕ ವಿಕೃತಿ’ ಎಂದು ಅವರು ಕರೆದದ್ದನ್ನು ತೋರಿಸುವುದು ಮಾತ್ರವಲ್ಲ, ಸೂಚಿಸುವುದೂ ನಿಷಿದ್ಧವಾಯಿತು. ಮುಖಪುಟದ ಮೂಲೆಯಲ್ಲಿ ಅಂಚೆಚೀಟಿಯಂಥ ಮುದ್ರೆಯಿಲ್ಲದ ಸಂಚಿಕೆಯನ್ನು ಅಂಗಡಿಗಳಿಗೆ ಹಂಚುವವರೇ ಮುಟ್ಟುತ್ತಿರಲಿಲ್ಲ.

ಸೂಚನೆಯೂ ನಿಷಿದ್ಧ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಚಿತ್ರಕಥೆ ಬದುಕಿರುವುದೇ ಸೂಚನೆಯಿಂದ. ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನ ಚೌಕದಲ್ಲಿ ನೆಲಕ್ಕೆ ಬಿದ್ದ ಮನುಷ್ಯ. ಹೊಡೆತ ಬಿದ್ದದ್ದು ಎರಡರ ನಡುವಿನ ಬಿಳಿ ಪಟ್ಟಿಯಲ್ಲಿ, ಓದುವವನ ತಲೆಯೊಳಗೆ. ನಮ್ಮ ಕಾವ್ಯಮೀಮಾಂಸೆ ಧ್ವನಿ ಎಂದು ಕರೆದದ್ದು ಇಂಥದ್ದನ್ನೇ ಅಲ್ಲವೇ? ಧ್ವನಿಯಿಂದಲೇ ಉಸಿರಾಡುವ ಕಲೆಗೆ ಒಂದು ವಿಷಯದ ಧ್ವನಿಯೂ ಕೇಳಿಸಬಾರದು ಎಂದು ಕಟ್ಟಳೆ ಹಾಕಿದ್ದರಿಂದ ಆದದ್ದಿಷ್ಟೇ: ಬರೆಯುವವರು ಇನ್ನಷ್ಟು ಸೂಕ್ಷ್ಮವಾಗಿ ಬಚ್ಚಿಟ್ಟರು, ಬೇಕಾದವರು ಇನ್ನಷ್ಟು ಸೂಕ್ಷ್ಮವಾಗಿ ಹುಡುಕಿಕೊಂಡರು. 1956ರಲ್ಲಿ ಬ್ಯಾಟ್‌ಮ್ಯಾನ್‌ನ ಪಕ್ಕಕ್ಕೆ ‘ಬ್ಯಾಟ್‌ವುಮನ್’ ಎಂಬ ಹೆಣ್ಣು ಬಂದದ್ದು ವರ್ಥಮ್ ಹಬ್ಬಿಸಿದ ಗುಮಾನಿಗೆ ಉತ್ತರವಾಗಿ ಎಂದೇ ಹಲವರು ಓದುತ್ತಾರೆ. ಸರಿಯಾಗಿ ಐವತ್ತು ವರ್ಷಗಳ ಬಳಿಕ, 2006ರಲ್ಲಿ, ಅದೇ ಹೆಸರನ್ನು ಹೊತ್ತ ಹೊಸ ಬ್ಯಾಟ್‌ವುಮನ್ ಹೆಣ್ಣನ್ನು ಪ್ರೀತಿಸುವ ಹೆಣ್ಣಾಗಿ ಬಂದಳು.

ಇನ್ನು ವರ್ಥಮ್ ಅವರ ಸಾಕ್ಷ್ಯ. ಗ್ರಂಥಾಲಯಶಾಸ್ತ್ರದ ವಿದ್ವಾಂಸೆ ಕ್ಯಾರಲ್ ಟಿಲ್ಲಿ, ವರ್ಥಮ್ ಬಿಟ್ಟುಹೋದ ಕಾಗದಪತ್ರಗಳನ್ನು ಓದಿ, ಮಕ್ಕಳ ಹೇಳಿಕೆಗಳನ್ನು ವರ್ಥಮ್ ತಿದ್ದಿ, ಬೆಸೆದು, ಬೇಕಾದ ಹಾಗೆ ಬಳಸಿಕೊಂಡಿದ್ದರೆಂದು 2012ರಲ್ಲಿ ತೋರಿಸಿಕೊಟ್ಟರು. ಮಾರ್ವೆಲ್ ಆ ಕೋಡನ್ನು 2001ರಲ್ಲಿ ಬಿಟ್ಟಿತು. ಕೊನೆಯವರೆಗೂ ಹಿಡಿದುಕೊಂಡಿದ್ದ ಡಿಸಿ ಮತ್ತು ಆರ್ಚಿ ಪ್ರಕಾಶನಗಳು 2011ರಲ್ಲಿ ಬಿಟ್ಟವು.

ಚೌಕಿಯ ದೀಪ, ಕುಂದಾಪುರ:

ಅಮೆರಿಕದವರೆಗೆ ಹೋಗಬೇಕೇ? ನಮ್ಮ ಯಕ್ಷಗಾನ ಮೇಳಗಳಲ್ಲಿ ಗಂಡಸರು ಸ್ತ್ರೀವೇಷ ಕಟ್ಟಿಕೊಂಡೇ ಬಂದಿದ್ದಾರೆ. ಮೋಹಿನಿಯನ್ನು ಕಂಡು ಭಸ್ಮಾಸುರ ಮರುಳಾಗುವುದನ್ನು ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಂದೇ ಚಾಪೆಯಲ್ಲಿ ಕುಳಿತು ನೋಡುತ್ತಾರೆ. ಅರ್ಜುನ ಬೃಹನ್ನಳೆಯಾಗಿ ಒಂದು ವರ್ಷ ಕಳೆದ ವಿರಾಟಪರ್ವವನ್ನು ಮಳೆ ಬರಲೆಂದು ಓದಿಸುವ ಪದ್ಧತಿ ಕನ್ನಡನಾಡಿನಲ್ಲಿದೆ. ಯಾವ ಮಗುವೂ ಇದರಿಂದ ಕೆಟ್ಟದ್ದನ್ನು ನಾನು ಕಂಡಿಲ್ಲ. ಅಮರ ಚಿತ್ರ ಕಥೆಯ ಮಹಾಭಾರತವನ್ನು ಎರಡನೆಯ ಖಾನೆಯಲ್ಲಿಡುವವರಿಗೆ ಈ ಮಾಂಗಾ ಮಾತ್ರ ಐದನೆಯದಕ್ಕೆ ಏಕೆ ಏರಬೇಕು ಎಂಬುದು ನನಗೆ ತಿಳಿಯುತ್ತಿಲ್ಲ.

ಎರಡು ಮಕ್ಕಳ ಅಮ್ಮ, ಮಣಿಪಾಲ:

ಅಣ್ಣ, ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಈ ವಾದವನ್ನು ಪ್ರತಿ ಸಲ ಕೇಳುವಾಗ ನನಗೆ ಸ್ವಲ್ಪ ಇರಿಸುಮುರಿಸಾಗುತ್ತದೆ. ಬೃಹನ್ನಳೆಯದ್ದು ಶಾಪದಿಂದ ಒದಗಿದ, ಒಂದು ವರ್ಷದ ಅವಧಿಯ ರೂಪ. ಮೋಹಿನಿಯದ್ದು ಮಾಯೆ. ಅಸುರ ಮರುಳಾದದ್ದು ಹೆಣ್ಣಿಗೇ ಹೊರತು ಗಂಡಿಗಲ್ಲ. ವೇಷ ಕಳಚಿದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ ಎಂಬ ಭರವಸೆಯಿಂದಲೇ ಚಾಪೆಯಲ್ಲಿ ಕುಳಿತವರು ನಗುತ್ತಾರೆ. ಗಂಡು ಗಂಡನ್ನು ಗಂಡಾಗಿಯೇ ಪ್ರೀತಿಸಿ, ಅವನೊಡನೆ ಸಂಸಾರ ಮಾಡಿ, ಅವನು ಸತ್ತ ಮೇಲೆ ಅವನ ಅಣ್ಣನ ಮನೆಗೆ ಬರುವುದು ಬೇರೆಯೇ ವಿಷಯ. ವೇಷ, ಲಿಂಗ, ಪ್ರೀತಿ ಈ ಮೂರನ್ನೂ ಪುರಾಣದ ಒಂದೇ ಚೀಲಕ್ಕೆ ತುಂಬಿದರೆ ನಮಗೆ ಸಮಾಧಾನವಾಗಬಹುದು, ಮಗುವಿಗೆ ಮಾತ್ರ ಗೊಂದಲವೇ ಉಳಿಯುತ್ತದೆ. ಮತ್ತೊಂದು ಮಾತು: ಸ್ತ್ರೀವೇಷದ ಕಲಾವಿದರು ಹಗಲು ಪೇಟೆಯಲ್ಲಿ ನಡೆಯುವಾಗ ಇದೇ ಪ್ರೇಕ್ಷಕರಿಂದ ಏನೇನು ಕೇಳಿಸಿಕೊಂಡಿದ್ದಾರೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಖಾನೆಯ ವಿಚಾರಕ್ಕೆ ಒಂದು ಹೋಲಿಕೆ ಕೊಡುತ್ತೇನೆ. ಅಮೃತಾ ಪಾಟೀಲ್ ಅವರ ‘ಕಾರಿ’ 2008ರಲ್ಲಿ ಬಂದ ಇಂಗ್ಲಿಷ್ ಚಿತ್ರಕಾದಂಬರಿ. ಪರಸ್ಪರ ಪ್ರೀತಿಸಿದ ಇಬ್ಬರು ಹೆಂಗಸರು ಕಟ್ಟಡದಿಂದ ಹಾರುವಲ್ಲಿ ಅದು ತೊಡಗುತ್ತದೆ, ಕಾರಿ ಕೊಳಚೆಯ ನೀರಿಗೆ ಬಿದ್ದು ಉಳಿದುಕೊಳ್ಳುತ್ತಾಳೆ. ಅದ್ಭುತವಾದ ಪುಸ್ತಕ, ಆದರೆ ಹದಿಮೂರರ ಮಗಳಿಗೆ ನಾನು ಈಗಲೇ ಕೊಡುವುದಿಲ್ಲ. ಅದರಲ್ಲಿ ಹೆಣ್ಣು ಹೆಣ್ಣನ್ನು ಪ್ರೀತಿಸುತ್ತಾಳೆ ಎಂಬುದು ನನ್ನ ಕಾರಣವಲ್ಲ. ಸಾವು ಅದರಲ್ಲಿ ಅಷ್ಟು ಹತ್ತಿರ ನಿಂತಿದೆ ಎಂಬುದಷ್ಟೇ ಕಾರಣ. ಈ ಮಾಂಗಾದಲ್ಲಿ ಅಂಥದ್ದೇನಿದೆ? ಓದಿದವರು ಯಾರಾದರೂ ಹೇಳಲಿ. ನಾನು ಓದಿಲ್ಲ.

ಹೊಳೆಬದಿ, ಮಂಗಳೂರು:

ನಾನು ಓದಿದ್ದೇನೆ. ಹೆಸರು ಹೇಳದೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಕಾರಣ ಮುಂದೆ ತಿಳಿಯುತ್ತದೆ.

2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮನ್ನು ಎತ್ತಿಹಿಡಿದಾಗ ನಾನು ಇಲ್ಲಿಯೇ ಪಿಯುಸಿ ಓದುತ್ತಿದ್ದೆ. ಮರುದಿನ ಬಸ್ಸಿನಲ್ಲಿ ಪಕ್ಕದವರು ಹಿಡಿದಿದ್ದ ಪತ್ರಿಕೆಯಲ್ಲಿ ‘ಸಲಿಂಗಕಾಮ’ ಎಂಬ ಪದ ದಪ್ಪ ಅಕ್ಷರದಲ್ಲಿತ್ತು. ಅದು ನನ್ನ ಬಗ್ಗೆ ಎಂದು ಗೊತ್ತಿದ್ದೂ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಮಾಸ್ಟ್ರೇ, ನೀವೂ ಬಳಸಿದ ಪದ ಅದು. ನಿಮ್ಮ ಮೇಲೆ ಸಿಟ್ಟಿಲ್ಲ, ಕೋಶದಲ್ಲಿ ಇರುವುದೇ ಅದು. ಆದರೆ ಗಂಡನನ್ನು ಕಳೆದುಕೊಂಡು ಅವನ ಮನೆ ನೋಡಲು ಬಂದ ಮೈಕ್‌ನನ್ನು ‘ಕಾಮಿ’ ಎಂದು ಕರೆದು ನೋಡಿ, ಪದ ಅವನ ಮೈಗೆ ಕೂರುವುದಿಲ್ಲ. ನಿಮ್ಮನ್ನಾಗಲಿ ನಿಮ್ಮ ಮನೆಯವರನ್ನಾಗಲಿ ಯಾರೂ ಭಿನ್ನಲಿಂಗಕಾಮಿಗಳು ಎಂದು ಪರಿಚಯಿಸುವುದಿಲ್ಲವಷ್ಟೆ. ಕನ್ನಡದಲ್ಲಿ ಈ ಬದುಕನ್ನು ಪತ್ರಿಕೆಯ ತಲೆಬರಹದಿಂದ ಕೆಳಗಿಳಿಸಿ ಅಡುಗೆಮನೆಗೆ, ಆಫೀಸಿಗೆ ತಂದ ವಸುಧೇಂದ್ರರ ‘ಮೋಹನಸ್ವಾಮಿ’ ಬಂದದ್ದೂ ಅದೇ 2013ರಲ್ಲಿ. ನನಗೆ ಅದು ಸಿಕ್ಕಿದ್ದು ಎಷ್ಟೋ ತಡವಾಗಿ. ಅದಕ್ಕಿಂತ ಮೊದಲು ಸಿಕ್ಕಿದ್ದು ಕಾಮಿಕ್ಸು.

ಮಾರ್ವೆಲ್‌ನ ನಾರ್ತ್‌ಸ್ಟಾರ್ ಬಗ್ಗೆ ಬಹಳ ಕೇಳಿದ್ದೆ, ಮುಖ್ಯವಾಹಿನಿಯ ಅತಿಮಾನವರಲ್ಲಿ ತಾನು ಗೇ ಎಂದು ಮೊದಲು ಬಾಯಿಬಿಟ್ಟು ಹೇಳಿಕೊಂಡವನು ಎಂದು. 1979ರಲ್ಲಿ ಹುಟ್ಟಿದ ಪಾತ್ರ, ಹೇಳಿಕೊಂಡದ್ದು 1992ರಲ್ಲಿ. ಹದಿಮೂರು ವರ್ಷ ಅವನು ಬಿಳಿ ಪಟ್ಟಿಯಲ್ಲೇ ಇದ್ದ. ಆ ಸಂಚಿಕೆಯನ್ನು ಹುಡುಕಿ ಓದಿದಾಗ ಮಾತ್ರ ನಿರಾಸೆಯಾಯಿತು. ಗುದ್ದಾಟದ ನಡುವೆ, ಹಲ್ಲು ಕಚ್ಚಿಕೊಂಡು, ಎದುರಾಳಿಯ ಮುಖಕ್ಕೆ ಎಸೆದಂತೆ ಅವನು ಅದನ್ನು ಹೇಳುತ್ತಾನೆ. ಮಾತಿನ ಗುಳ್ಳೆಯಲ್ಲಿ ಭಾಷಣ ತುಂಬಿದೆ. ಇತಿಹಾಸಕ್ಕೆ ಅದು ಬೇಕಿತ್ತು, ಒಪ್ಪುತ್ತೇನೆ, 2012ರಲ್ಲಿ ಅವನ ಮದುವೆಯನ್ನೂ ಮಾಡಿಸಿದರು. ನನಗೆ ಬೇಕಿದ್ದದ್ದು ಮಾತ್ರ ಬೇರೆ.

ಅದು ಸಿಕ್ಕಿದ್ದು ಆರ್ಚಿಯಲ್ಲಿ, ಆರ್ಚಿ ಎಂಬ ಹರೆಯದ ಹುಡುಗ ಮತ್ತವನ ಗೆಳೆಯರ ತಮಾಷೆಯ ಕಾಮಿಕ್ಸಿನಲ್ಲಿ. ಚಿಕ್ಕಮ್ಮನ ಮಗಳ ಕಪಾಟು ತುಂಬ ಆರ್ಚಿ ಡೈಜೆಸ್ಟುಗಳು, ನಾನು ಅವನ್ನು ಹುಡುಗಿಯರ ಓದು ಎಂದು ಅಣಕಿಸುತ್ತಿದ್ದೆ. 2010ರಲ್ಲಿ ಆ ಲೋಕಕ್ಕೆ ಕೆವಿನ್ ಕೆಲ್ಲರ್ ಎಂಬ ಹುಡುಗ ಬಂದ. ಬಂದವನು ಯಾರನ್ನೂ ಗುದ್ದುವುದಿಲ್ಲ. ತಿಂಡಿಪೋತ ಜಗ್‌ಹೆಡ್‌ನೊಂದಿಗೆ ಬರ್ಗರ್ ತಿನ್ನುವ ಪಂದ್ಯ ಕಟ್ಟಿ ಅವನನ್ನೇ ಸೋಲಿಸುತ್ತಾನೆ. ವೆರೋನಿಕಾ ಅವನ ಹಿಂದೆ ಬೀಳುತ್ತಾಳೆ, ತನಗೆ ಹುಡುಗಿಯರಲ್ಲಿ ಆಸಕ್ತಿಯಿಲ್ಲ ಎಂಬುದನ್ನು ಅವನು ಮಾತಿನ ನಡುವೆ ಜಗ್‌ಹೆಡ್‌ಗೆ ಹೇಳುತ್ತಾನೆ, ಕಥೆ ಮತ್ತೆ ತಿಂಡಿಗೆ ತಿರುಗುತ್ತದೆ. ಗೋಳಿಬಜೆಯ ತಟ್ಟೆಯ ಮುಂದೆ ಗೆಳೆಯನಿಗೆ ನಾನು ಹಾಗೆ ಹೇಳಬಹುದಿತ್ತು ಎಂದು ಅವತ್ತು ಮೊದಲ ಬಾರಿಗೆ ಅನ್ನಿಸಿತು. ಹೇಳಲಿಲ್ಲ. ಆದರೆ ಹೇಳುವುದು ಎಂದರೆ ಹೇಗಿರುತ್ತದೆ ಎಂಬುದರ ಚಿತ್ರವೊಂದು ಸಿಕ್ಕಿತು. ಆ ಡೈಜೆಸ್ಟು ಕೈಗೆಟುಕುವ ಕಪಾಟಿನಲ್ಲಿತ್ತು. ಸ್ಟೂಲು ಹಾಕಿ ತೆಗೆಯಬೇಕಾದ ಪುಸ್ತಕವನ್ನು ನಾನು ಯಾವತ್ತೂ ತೆಗೆಯುತ್ತಿರಲಿಲ್ಲ, ಏಕೆಂದರೆ ಸ್ಟೂಲು ಎಳೆಯುವ ಸದ್ದು ಎಲ್ಲರಿಗೂ ಕೇಳಿಸುತ್ತದೆ.

ಕಂಕನಾಡಿ ಹಳೇ ಕಾಮಿಕ್ಸ್:

ಕೆವಿನ್ ಬಗ್ಗೆ ಒಂದು ಪೂರಕ ಮಾಹಿತಿ. ದೊಡ್ಡವರಾದ ಮೇಲಿನ ಕಥೆಗಳ ಸಾಲಿನಲ್ಲಿ, 2014ರಲ್ಲಿ, ಆರ್ಚಿ ಗುಂಡೇಟಿಗೆ ಸಾಯುವುದು ಸೆನೆಟರ್ ಆದ ಇದೇ ಕೆವಿನ್‌ನನ್ನು ಉಳಿಸಲು ಹೋಗಿ. ಎಲ್ಲ ಪ್ರಕಾಶಕರೂ ಅಷ್ಟು ಧೈರ್ಯ ತೋರಲಿಲ್ಲ. ಬ್ಯಾಟ್‌ವುಮನ್‌ಗೆ ಅವಳ ಪ್ರೇಯಸಿಯೊಂದಿಗೆ ಮದುವೆ ಮಾಡಿಸಲು ಡಿಸಿ ಬಿಡಲಿಲ್ಲ ಎಂದು 2013ರಲ್ಲಿ ಅದರ ಬರಹಗಾರರಿಬ್ಬರೂ ಹೊರನಡೆದರು. ವೀರರಿಗೆ ಸುಖಸಂಸಾರ ಕೂಡದು, ಅದು ಎಲ್ಲರಿಗೂ ಅನ್ವಯಿಸುವ ನಿಯಮ ಎಂಬುದು ಪ್ರಕಾಶಕರ ಸಮಜಾಯಿಷಿಯಾಗಿತ್ತು. ಸೂಪರ್‌ಮ್ಯಾನ್‌ಗೆ 1996ರಲ್ಲೇ ಮದುವೆ ಮಾಡಿಸಿದವರು ಅವರೇ.

ಕಾರ್ಕಳದ ನಿವೃತ್ತ ಮಾಸ್ಟ್ರು:

ಒಂದು ವಾರ ನಾನು ಸುಮ್ಮನಿದ್ದುದಕ್ಕೆ ಕಾರಣವಿದೆ. ಉಡುಪಿಗೆ ಹೋಗಿ ಮೊದಲ ಸಂಪುಟವನ್ನು ತಂದೆ. ಓದದೆ ತೀರ್ಪು ಕೊಟ್ಟ ವಿದ್ಯಾರ್ಥಿಗಳಿಗೆ ಸೊನ್ನೆ ಹಾಕಿದವನು ನಾನು. ಪುಸ್ತಕವನ್ನು ಹಿಂದಿನಿಂದ ತೆರೆದು ಬಲದಿಂದ ಎಡಕ್ಕೆ ಓದಬೇಕೆಂಬುದು ತಿಳಿಯುವಷ್ಟರಲ್ಲಿ ಕೊನೆಯ ಅಧ್ಯಾಯದ ಅರ್ಧ ಮುಗಿದಿತ್ತು.

ಮೊದಲ ಅಧ್ಯಾಯದಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ತಂತ್ರ. ಮೈಕ್ ಬಂದು ಅಪ್ಪಿಕೊಂಡಾಗ ಒಂದು ಚೌಕದಲ್ಲಿ ಯಾಇಚಿ ಹೀನಾಯವಾಗಿ ಬೈದು ಅವನನ್ನು ದೂಡುತ್ತಾನೆ. ಮುಂದಿನ ಚೌಕಕ್ಕೆ ಬಂದರೆ ದೂಡಿಲ್ಲ, ಬೈದಿಲ್ಲ. ಮೊದಲಿನದು ಅವನ ಮನಸ್ಸಿನೊಳಗಿನದ್ದು. ಹೊರಗೆ ಸಭ್ಯತೆ, ಒಳಗೆ ಬೈಗುಳ, ಎರಡೂ ಒಂದೇ ಅಳತೆಯ ಚೌಕದಲ್ಲಿ. ‘ನನಗೆ ದ್ವೇಷವಿಲ್ಲ’ ಎಂದು ಇದೇ ಚರ್ಚೆಯಲ್ಲಿ ನಾನು ಬರೆದ ವಾಕ್ಯ ಆ ಪುಟದಲ್ಲಿ ನೆನಪಾಯಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ವ್ಯಾಕರಣದ ಮಾಸ್ತರನಾದ್ದರಿಂದ ಶೀರ್ಷಿಕೆಯ ಬಗ್ಗೆ ಹೇಳದಿರಲಾರೆ. ಜಪಾನಿ ಮೂಲದಲ್ಲಿರುವುದು ‘ಒತೋತೊ’, ಅಂದರೆ ಬರೀ ಸೋದರನಲ್ಲ, ತಮ್ಮ. ಅವಳಿಗಳಲ್ಲೂ ಅವರಿಗೆ ಅಣ್ಣ ತಮ್ಮ ಎಂಬುದಿದೆ, ನಮ್ಮ ಹಾಗೆಯೇ. ಇಂಗ್ಲಿಷಿನ ‘ಬ್ರದರ್’ ಅದನ್ನು ನುಂಗಿಹಾಕಿದೆ. ಕನ್ನಡದಲ್ಲಾದರೆ ‘ತಮ್ಮನ ಗಂಡ’ ಎಂದು ಅಕ್ಷರಶಃ ಇಡಬಹುದು, ಒಂದು ಕೂದಲೆಳೆಯೂ ಸೋರುವುದಿಲ್ಲ. ಅಲ್ಲಿಂದ ನನಗೆ ಹುಳ ಹತ್ತಿತು. ಯಾಇಚಿ ಮೈಕ್‌ನನ್ನು ಏನೆಂದು ಕರೆಯಬೇಕು? ಒಡಹುಟ್ಟಿದವಳ ಗಂಡನಾದರೆ ಭಾವ. ಒಡಹುಟ್ಟಿದವನ ಗಂಡನೂ ಭಾವನೇ ಏಕಾಗಬಾರದು? ಕಾನಾಳಿಗೆ ಅವನು ಚಿಕ್ಕಪ್ಪನೋ ಮಾವನೋ? ಚಿಕ್ಕಪ್ಪನ ಜೊತೆಗಾರ ಎಂಬ ದಾರಿಯಲ್ಲಿ ಹೋದರೆ ಇನ್ನೊಬ್ಬ ಚಿಕ್ಕಪ್ಪ, ಭಾವನ ದಾರಿಯಲ್ಲಿ ಹೋದರೆ ಮಾವ. ಮಾವನಿಂದ ಅಳಿಯನಿಗೆ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆಗಳಲ್ಲಿ ಮಾವ ಎಂಬ ಪದಕ್ಕಿರುವ ತೂಕ ಇಲ್ಲಿಯವರಿಗೆ ಹೇಳಬೇಕಿಲ್ಲ. ನನ್ನ ಹೆಂಡತಿಯನ್ನು ಕೇಳಿದೆ. ಅವಳು ಕಾಯಿ ತುರಿಯುವುದನ್ನು ನಿಲ್ಲಿಸದೆ, “ಮಗು ಏನೆಂದು ಕರೆಯುತ್ತದೋ ಅದೇ” ಎಂದಳು.

ಆದರೆ ನನ್ನ ಆಕ್ಷೇಪ ಪೂರ್ತಿ ಕರಗಿಲ್ಲ. ಲೇಖಕನ ಹೆಸರನ್ನು ಹಿಡಿದು ಹೋಗುವ ಮಗು ಎಲ್ಲಿಗೆ ತಲುಪುತ್ತದೆ ಎಂಬ ಆ ತಾಯಿಯ ಚಿಂತೆ ಈ ಪುಸ್ತಕದ ಗುಣದಿಂದ ಪರಿಹಾರವಾಗುವಂಥದ್ದಲ್ಲ. ಹೊಳೆಬದಿಯವರೇ, ನಿಮ್ಮ ಸ್ಟೂಲಿನ ಮಾತು ನನ್ನನ್ನು ಎರಡು ರಾತ್ರಿ ಬಿಡಲಿಲ್ಲ. ಆದರೂ ಏಳೆಂಟು ವರ್ಷದ ಮಗುವಿಗೆ ಅದು ಒಂಟಿಯಾಗಿ ಸಿಗುವುದು ನನಗೆ ಸರಿಕಾಣುವುದಿಲ್ಲ. ನಾಲ್ಕನೆಯ ಖಾನೆಯ ಬಗ್ಗೆ ಯಾರೂ ಏಕೆ ಮಾತಾಡುತ್ತಿಲ್ಲ? ಪದದ ವಿಷಯಕ್ಕೆ ಬಂದರೆ, ಇನ್ನು ಮುಂದೆ ಸಲಿಂಗಿ ಎಂದೇ ಬರೆಯುತ್ತೇನೆ. ಕೈ ತಪ್ಪಿದರೆ ತಿದ್ದಿರಿ.

ಹೊಳೆಬದಿ, ಮಂಗಳೂರು:

ಮಾಸ್ಟ್ರೇ, ಎರಡನೆಯ ಸಂಪುಟವನ್ನೂ ಓದಿ. ಅದರಲ್ಲಿ ಶಾಲೆಯ ಮಾಸ್ಟ್ರೊಬ್ಬರು ಬರುತ್ತಾರೆ. ಕಾನಾ ಮೈಕ್‌ನ ಬಗ್ಗೆ ಎಲ್ಲರಲ್ಲೂ ಹೇಳುತ್ತಿದ್ದಾಳೆ, ಇದರಿಂದ ಅವಳಿಗೇ ತೊಂದರೆಯಾದೀತು ಎಂದು ಯಾಇಚಿಯನ್ನು ಕರೆಸಿ, ಬಹಳ ಸಭ್ಯವಾಗಿ ಮಾತಾಡುತ್ತಾರೆ. ಯಾಇಚಿ ಏನು ಹೇಳುತ್ತಾನೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅಜ್ಜರಕಾಡಿನ ಓದುಗ:

ನಾಲ್ಕನೆಯ ಖಾನೆ ಎಂದು ತೀರ್ಮಾನವಾಯಿತು. ಹನ್ನೆರಡು ದಾಟಿದವರ ಕೈ ಹೇಗೂ ಎಟುಕುತ್ತದೆ, ಸ್ಟೂಲು ಬೇಡ. ‘ವಯಸ್ಕರಿಗೆ’ ಎಂಬ ಚೀಟಿಯನ್ನು ಅಂಟಿಸುವುದಿಲ್ಲ, ‘ಸಲಿಂಗಿ ಸಾಹಿತ್ಯ’ ಎಂಬ ಚೀಟಿಯನ್ನೂ ಅಂಟಿಸುವುದಿಲ್ಲ. ಎರಡೂ ಬಗೆಯ ಸಲಹೆಗಳು ನಮಗೆ ಬೇರೆ ಬೇರೆ ಕಡೆಗಳಿಂದ ಬಂದಿದ್ದವು. ಪಕ್ಕದಲ್ಲಿ ಆರ್ಚಿಗಳಿರುತ್ತವೆ. ‘ಕಾರಿ’ ಐದನೆಯದಕ್ಕೆ ಹೋಗುತ್ತದೆ, ಮಣಿಪಾಲದ ಅಕ್ಕ ಹೇಳಿದ ಕಾರಣಕ್ಕಾಗಿಯೇ.

ಪೇಪರಿನಲ್ಲಿ ಸುತ್ತಿ ತಂದ ತಾಯಿಗೆ ಇಷ್ಟನ್ನು ಫೋನಿನಲ್ಲಿ ತಿಳಿಸಿದೆ. ಅವರು ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಮಗ ಬಂದರೆ ಇನ್ನೊಮ್ಮೆ ಕೊಡಬಹುದೇ ಎಂದು ಕೇಳಿದೆ. ಮೊದಲು ತಾವು ಓದುವುದಾಗಿ ಹೇಳಿದರು, ಆದರೆ ಇನ್ನೂ ಬಂದಿಲ್ಲ. ಎರಡನೆಯ ಸಂಪುಟ ಸದ್ಯ ಮಾಸ್ಟ್ರ ಹೆಸರಿನಲ್ಲಿ ಕಾರ್ಕಳದಲ್ಲಿದೆ, ಗಡುವು ಬರುವ ಶನಿವಾರ.